ಖಾಲಿ ಹಾಳೆಗೆ ಸಹಿ ಹಾಕಬೇಡಿ

ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ, ಈ ಸಲ ಹೊಸದಾಗಿ ಆಯ್ಕೆಯಾಗಿರುವ ತಾಯಂದಿರೇ, ತಂದೆಯರೇ,

ನಾನು ತೆಂಗಿನ ಸೀಮೆಯ ಒಂದು ಹಳ್ಳಿಯವಳು. 2022ರಿಂದ 2025ರವರೆಗೆ ಮೂರು ವರ್ಷ ನಮ್ಮೂರಿನ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿದ್ದೆ. ಮಗಳು ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋದಳು, ಅಲ್ಲಿಗೆ ನನ್ನ ಸದಸ್ಯತ್ವವೂ ಮುಗಿಯಿತು. ಆ ಮೂರು ವರ್ಷದಲ್ಲಿ ಮೊದಲ ಆರು ತಿಂಗಳು ನಾನು ಮಾಡಬೇಕಾದ್ದನ್ನು ಮಾಡಲಿಲ್ಲ, ಮಾಡಬಾರದ್ದನ್ನು ಮಾಡಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮಲ್ಲಿ ಬಹಳ ಜನರಿಗೆ ಈಗ ಅದನ್ನೇ ಮಾಡುವ ಸಂದರ್ಭ ಬಂದಿದೆ.

ನಾಲ್ಕನೇ ತರಗತಿಯ ಹುಡುಗನೊಬ್ಬ ಉದ್ದನೆಯ ಪುಸ್ತಕವೊಂದನ್ನು ಎದೆಗವಚಿಕೊಂಡು ಮನೆ ಬಾಗಿಲಿಗೆ ಬರುತ್ತಿದ್ದ. 'ಅಮ್ಮಾ, ಸೈನ್ ಹಾಕ್ಬೇಕಂತೆ, ಸಾರು ಕಳ್ಸವ್ರೆ.' ಕೈಯಲ್ಲಿ ಹಿಟ್ಟೋ ಸಗಣಿಯೋ ಇರುತ್ತಿತ್ತು. ಸೆರಗಿಗೆ ಒರೆಸಿಕೊಂಡು, ನನ್ನ ಸಂಖ್ಯೆಯ ಎದುರಿಗೆ ಹೆಸರು ಬರೆದು ಕಳಿಸುತ್ತಿದ್ದೆ. ಹಾಳೆಯ ತಲೆಯಲ್ಲಿ ದಿನಾಂಕವಿರುತ್ತಿತ್ತು, ಕೆಳಗೆ ಒಂದರಿಂದ ಹದಿನೆಂಟರ ತನಕ ಸಂಖ್ಯೆ ಹಾಕಿರುತ್ತಿದ್ದರು. ನಡುವಿನ ಜಾಗ ಪೂರ್ತಿ ಖಾಲಿ. ಆ ಪುಸ್ತಕದ ಹೆಸರು ನಡಾವಳಿ ಪುಸ್ತಕ ಎಂಬುದೂ ನನಗೆ ಆಮೇಲೆ ತಿಳಿಯಿತು.

ಆಗ ನನ್ನ ಮಗಳು ಐದನೇ ತರಗತಿ. ನಾಲ್ಕೂವರೆಗೆ ಮನೆಗೆ ಬಂದವಳು ಚೀಲವನ್ನೂ ಇಳಿಸದೆ ಹಿತ್ತಲಿಗೆ ಓಡುತ್ತಿದ್ದಳು. ಬೆಳಿಗ್ಗೆ ನೀರು ಕುಡಿ ಎಂದರೆ ಬೇಡ ಎನ್ನುತ್ತಿದ್ದಳು, ಮಧ್ಯಾಹ್ನ ಊಟಕ್ಕೂ ಒಂದೆರಡು ಗುಟುಕು ಅಷ್ಟೆ. ಬೇಸಿಗೆ ಶುರುವಾದ ಮೇಲೆ ಉರಿಮೂತ್ರ ಹಿಡಿಯಿತು. ಕೂರಿಸಿಕೊಂಡು ಕೇಳಿದಾಗ ಹೇಳಿದಳು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗಿನಿಂದ ಬಾಗಿಲು ಹಿಡಿದುಕೊಂಡಿರಬೇಕು. ಗಂಡುಹುಡುಗರು ನೋಡಿ ನಗುತ್ತಾರೆ. ಹಾಗಾಗಿ ಯಾರೂ ಹೋಗುವುದಿಲ್ಲ, ಹೋಗಬಾರದೆಂದೇ ನೀರು ಕುಡಿಯುವುದಿಲ್ಲ.

ಮಾರನೇ ದಿನ ಸಿಟ್ಟಿನಿಂದಲೇ ಶಾಲೆಗೆ ಹೋದೆ. ಹೆಡ್‌ಮಾಸ್ಟರ್ ಏನೂ ವಾದಿಸಲಿಲ್ಲ. ಬೀರು ತೆಗೆದು ಆ ಪುಸ್ತಕವನ್ನು ನನ್ನ ಮುಂದಿಟ್ಟರು. ಎರಡು ತಿಂಗಳ ಹಿಂದಿನ ಹಾಳೆಯಲ್ಲಿ, ಹೆಣ್ಣುಮಕ್ಕಳ ಶೌಚಾಲಯದ ದುರಸ್ತಿ ಪೂರ್ಣಗೊಂಡಿದೆಯೆಂದು ಸಭೆ ಸರ್ವಾನುಮತದಿಂದ ದೃಢಪಡಿಸಿದೆ ಎಂದು ಬರೆದಿತ್ತು. ಕೆಳಗೆ ಹದಿನಾಲ್ಕನೆಯ ಸಹಿ ನನ್ನದು.

ಅವರನ್ನು ಕಳ್ಳರೆಂದು ನಾನು ಹೇಳುವುದಿಲ್ಲ. ಏಳು ತರಗತಿಗೆ ಇಬ್ಬರು ಖಾಯಂ ಶಿಕ್ಷಕರು, ಒಬ್ಬರು ಅತಿಥಿ ಶಿಕ್ಷಕಿ. ಅಕ್ಷರ ದಾಸೋಹದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಹಾಜರಿ, ಕ್ಲಸ್ಟರ್ ಸಭೆ ಎಲ್ಲವೂ ಅವರೊಬ್ಬರ ತಲೆಯ ಮೇಲೆ. ದುರಸ್ತಿಗೆಂದು ತೋರಿಸಿದ ದುಡ್ಡಿನಲ್ಲಿ ಸ್ವಲ್ಪ ಕೊಳಾಯಿಗೆ ಹೋಗಿತ್ತು, ಉಳಿದದ್ದು ಬಾಕಿ ಬಿದ್ದಿದ್ದ ಕರೆಂಟ್ ಬಿಲ್ಲಿಗೆ ಹೋಗಿತ್ತು. ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತೇನೆ ಎಂದಿದ್ದನಂತೆ. ಸಭೆ ಕರೆದು ಇದನ್ನು ಹೇಳಿದ್ದರೆ ನಾವು ಹದಿನೆಂಟು ಜನ ಸೇರಿ ಏನಾದರೂ ದಾರಿ ಹುಡುಕುತ್ತಿದ್ದೆವು. ಕರೆದರೂ ನಾವು ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಈ ಸಮಿತಿ ಏಕೆ ಇದೆ ಎಂದು ನಾನು ಓದಿದ್ದು ಆ ದಿನದ ನಂತರ. 2001ರಲ್ಲಿ, ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ, ನಮ್ಮ ರಾಜ್ಯ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಕೊಟ್ಟಿತು. ದೇಶಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ತಂದೆತಾಯಿಯರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪಾಲು ಸಿಗಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಶಾಲೆಗೆ ಬಂದ ಹಣ ಹೇಗೆ ಖರ್ಚಾಯಿತೆಂದು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ನಮ್ಮ ಕೆಲಸವೆಂದು ಕಾಯ್ದೆಯೇ ಬರೆದಿಟ್ಟಿದೆ. ಹೆಡ್‌ಮಾಸ್ಟರ್ ನಮ್ಮ ಸಮಿತಿಯ ಕಾರ್ಯದರ್ಶಿ. ಅವರ ಕೋಣೆಗೆ ಹೋಗಿ ಮೂಲೆಯಲ್ಲಿ ನಿಂತುಕೊಂಡು ಕೇಳುವವರಲ್ಲ ನಾವು.

ನಮ್ಮ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಕೇಳಿ ತೆಗೆಸಿದೆ. ಅದರಲ್ಲಿ ಮಕ್ಕಳ ಸಂಖ್ಯೆ 112 ಎಂದಿತ್ತು. ಆಗ ಶಾಲೆಯಲ್ಲಿದ್ದದ್ದು 84. ವರ್ಷ ವರ್ಷವೂ ಅದೇ ಹಾಳೆಯನ್ನು ನಕಲು ಮಾಡಿ ಕಳಿಸಿದ್ದರು. ನಮ್ಮಿಂದ 28 ಮಕ್ಕಳು ಕಳೆದುಹೋದದ್ದನ್ನು ಯಾರೂ ಗಮನಿಸಿರಲಿಲ್ಲ. ಅವರೆಲ್ಲ ಹಳದಿ ವ್ಯಾನು ಹತ್ತಿ ಪಟ್ಟಣದ ಶಾಲೆಗೆ ಹೋಗಿದ್ದರು.

ದುಡ್ಡಿನ ಮಾತು ಬಿಡಿಸಿ ಹೇಳುತ್ತೇನೆ, ಏಕೆಂದರೆ ಸಭೆಯಲ್ಲಿ ನಮ್ಮ ಬಾಯಿ ಕಟ್ಟುವುದು ಅಲ್ಲೇ. ಸಮಗ್ರ ಶಿಕ್ಷಣದಡಿ ಶಾಲೆಗೆ ವರ್ಷಕ್ಕೊಮ್ಮೆ ಸಂಯುಕ್ತ ಅನುದಾನ ಬರುತ್ತದೆ. 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 100ರ ತನಕ 25,000, 250ರ ತನಕ 50,000, 1,000ದ ತನಕ 75,000. ನಮ್ಮದು 84 ಮಕ್ಕಳ ಶಾಲೆ, ಹಾಗಾಗಿ 25,000. ಭಾಗಿಸಿದರೆ ಒಂದು ಮಗುವಿಗೆ ವರ್ಷಕ್ಕೆ ಮುನ್ನೂರು ರೂಪಾಯಿಯೂ ಬೀಳುವುದಿಲ್ಲ. ಸೀಮೆಸುಣ್ಣ, ರಿಜಿಸ್ಟರ್, ಬೀಗ, ಬಲ್ಬು, ಪ್ರಯೋಗದ ಸಾಮಾನು, ಒಡೆದ ಹೆಂಚು ಎಲ್ಲವೂ ಇದರಲ್ಲೇ ಆಗಬೇಕು. ಇದರಲ್ಲಿ ಕನಿಷ್ಠ ನೂರಕ್ಕೆ ಹತ್ತನ್ನು ಸ್ವಚ್ಛತೆಗೆ ತೆಗೆದಿಡಬೇಕೆಂಬ ನಿಯಮವಿದೆ. ಅಂದರೆ 2,500 ರೂಪಾಯಿ, ತಿಂಗಳಿಗೆ ಇನ್ನೂರು ಚಿಲ್ಲರೆ. 84 ಮಕ್ಕಳ ಶೌಚಾಲಯಕ್ಕೆ ಫಿನಾಯಿಲು, ಪೊರಕೆ, ಬ್ರಷ್ಷು ತಂದು, ತೊಳೆಯುವವರಿಗೂ ಅದರಲ್ಲೇ ಕೊಡಬೇಕು ಎಂದರೆ ಆಗುತ್ತದೆಯೇ? ಆಗದಿದ್ದಾಗ ಮಕ್ಕಳ ಕೈಗೆ ಪೊರಕೆ ಬರುತ್ತದೆ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ ನಾಡೇ ತಲೆ ತಗ್ಗಿಸಿತು. ಅಮಾನತು ಆಯಿತು, ಕೇಸೂ ಆಯಿತು. ತಿಂಗಳಿಗೆ ಇನ್ನೂರು ರೂಪಾಯಿಯ ಲೆಕ್ಕ ಮಾತ್ರ ಇದ್ದಲ್ಲೇ ಇದೆ.

ಕರೆಂಟ್ ಬಿಲ್ಲಿನ ಹೊರೆ ಈಗ ಇಳಿದಿದೆ. 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತವೆಂದು ಪ್ರಕಟಿಸಿದರು. ಹಾಗಿದ್ದ ಮೇಲೆ ಮೊದಲು ಬಿಲ್ಲಿಗೆ ಹೋಗುತ್ತಿದ್ದ ದುಡ್ಡು ಈಗ ಯಾವುದಕ್ಕೆ ಹೋಗುತ್ತಿದೆ ಎಂದು ನಿಮ್ಮ ಮೊದಲ ಸಭೆಯಲ್ಲೇ ಕೇಳಿ. ನಾವು ಕೇಳಿದೆವು. ನಮ್ಮ ಹೆಡ್‌ಮಾಸ್ಟರ್ ಕ್ಯಾಶ್ ಬುಕ್ ತೆರೆದು ಒಂದೊಂದು ವೋಚರನ್ನೂ ತೋರಿಸಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ನಿರಾಳವೇ ಹೆಚ್ಚಾಗಿತ್ತು. ಇಷ್ಟು ದಿನ ಒಬ್ಬರೇ ಹೊತ್ತದ್ದನ್ನು ಕೆಳಗಿಳಿಸಿದ ಹಾಗೆ ಕಂಡಿತು.

ದುಡ್ಡು ಸಾಲದಾದಾಗ ಸರ್ಕಾರ ನಮ್ಮ ಕಡೆಗೇ ಕೈ ಚಾಚಿದ್ದೂ ಉಂಟು. 2022ರ ಅಕ್ಟೋಬರ್‌ನಲ್ಲಿ, ಪೋಷಕರಿಂದ ಎಸ್‌ಡಿಎಂಸಿ ಮೂಲಕ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಬಂತು. ಸ್ವಯಂಪ್ರೇರಿತ ಎಂದೇ ಬರೆದಿದ್ದರು. ನಮ್ಮೂರಿನ ಕೂಲಿಯವರ ಕೇರಿಯಲ್ಲಿ ಆ ಪದ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದು ನೂರು ರೂಪಾಯಿ ಮಾತ್ರ. 'ಕೊಡ್ದೆ ಇದ್ರೆ ಹೆಸ್ರು ಹೊಡೆದಾಕ್ತಾರಾ?' ಎಂದು ಒಬ್ಬ ತಾಯಿ ನನ್ನನ್ನೇ ಕೇಳಿದಳು, ನಾನು ಸದಸ್ಯೆಯೆಂಬ ನಂಬಿಕೆಯಿಂದ. ಏನು ಹೇಳಬೇಕೆಂದು ನನಗೂ ತಿಳಿದಿರಲಿಲ್ಲ. ರಾಜ್ಯದೆಲ್ಲೆಡೆ ವಿರೋಧ ಬಂದು ಕೆಲವೇ ದಿನದಲ್ಲಿ ಸುತ್ತೋಲೆ ವಾಪಸಾಯಿತು. ಇಂಥ ಕಾಗದ ಇನ್ನೊಂದು ಹೆಸರಿನಲ್ಲಿ ಮತ್ತೆ ಬರಬಹುದು. ಊರಿನ ಉಳ್ಳವರು ಕೊಟ್ಟರೆ ಕೈಮುಗಿದು ತೆಗೆದುಕೊಳ್ಳೋಣ, ರಸೀದಿ ಕೊಡೋಣ. ಮಗುವಿನ ಹಾಜರಿ ಪುಸ್ತಕದ ಪಕ್ಕ ದೇಣಿಗೆ ಪುಸ್ತಕ ಇಡುವುದಕ್ಕೆ ಮಾತ್ರ ಒಪ್ಪಬೇಡಿ.

ಆ ವರ್ಷದ್ದೇ ಇನ್ನೊಂದು ನೆನಪು. ನವೆಂಬರ್‌ನಲ್ಲಿ 'ವಿವೇಕ' ಯೋಜನೆಯ ಹೊಸ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯುವ ವಿಷಯ ರಾಜ್ಯಕ್ಕೆಲ್ಲ ಗಲಾಟೆಯಾಯಿತು. ನಮ್ಮೂರ ಅರಳಿಕಟ್ಟೆಯಲ್ಲೂ ವಾರಗಟ್ಟಲೆ ಅದೇ ಜಗಳ. ಅಣ್ಣತಮ್ಮಂದಿರು ಮಾತು ಬಿಟ್ಟರು. ನಮ್ಮ ಶಾಲೆಗೆ ಹೊಸ ಕೊಠಡಿಯೇ ಮಂಜೂರಾಗಿರಲಿಲ್ಲ. ಮೂರನೇ ತರಗತಿಯ ಮಕ್ಕಳು ಸೋರುವ ಮೂಲೆ ಬಿಟ್ಟು ಒಂದು ಕಡೆಗೆ ಒತ್ತಿಕೊಂಡು ಕೂತಿದ್ದರು. ಜಗಳವಾಡುವ ಶಕ್ತಿ ನಮ್ಮಲ್ಲಿ ಬೇಕಾದಷ್ಟಿದೆ, ಅದನ್ನು ಶಾಲೆಯ ಸಭೆಗೆ ತನ್ನಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ.

ಸಭೆಯ ಹೊತ್ತನ್ನು ಮೊದಲು ಬದಲಾಯಿಸಿ. ನಮ್ಮಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಡುತ್ತಿದ್ದರು. ಕಾಯಿ ಸುಲಿಯುವ, ಕೊಬ್ಬರಿ ಒಡೆಯುವ ಕೂಲಿಗೆ ಹೋಗುವ ಹೆಂಗಸರು ದಿನದ ಸಂಬಳ ಬಿಟ್ಟು ಬರಬೇಕಿತ್ತು. ಒಂಬತ್ತು ಜನ ಮಹಿಳಾ ಸದಸ್ಯರಲ್ಲಿ ಬರುತ್ತಿದ್ದದ್ದು ಒಬ್ಬರೋ ಇಬ್ಬರೋ. ಉಳಿದವರ ಮನೆಗೆ ಪುಸ್ತಕ ಹೋಗುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೂ ನಮ್ಮೂರಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಕೂಲಿಯೂ ಕಡಿಮೆ. ಹಾಗಾಗಿ ಸಭೆಯನ್ನು ತಿಂಗಳ ಎರಡನೇ ಸೋಮವಾರ ಸಂಜೆ ನಾಲ್ಕೂವರೆಗೆ ತಂದೆವು. ಹಾಗೆ ಸೇರಿದ ಮೊದಲ ಸಭೆಗೇ ಏಳು ಜನ ಹೆಂಗಸರು ಬಂದರು. ಬಂದವರು ಗಂಡಸರ ಹಿಂದೆ ಚಾಪೆಯ ತುದಿಯಲ್ಲಿ ಕೂತರು. ಮೂರನೇ ಸಭೆಯ ಹೊತ್ತಿಗೆ ಮುಂದೆ ಬಂದಿದ್ದರು. ಶೌಚಾಲಯದ ಚಿಲಕದ ವಿಷಯ, ಆರು ಏಳನೇ ತರಗತಿಯ ಹುಡುಗಿಯರ ಮುಟ್ಟಿನ ವಿಷಯ ಗಂಡಸರೆದುರು ಬಾಯಿಗೆ ಬಂದದ್ದು ಆಗಲೇ. ಶುಚಿ ಯೋಜನೆಯ ಪ್ಯಾಡು ಕೆಲವು ವರ್ಷ ನಿಂತುಹೋಗಿ, 2024ರಲ್ಲಿ ಮತ್ತೆ ಶುರುವಾಯಿತು. ನಿಂತಿದ್ದ ಕಾಲದಲ್ಲಿ ನಮ್ಮ ಅತಿಥಿ ಶಿಕ್ಷಕಿ ತಮ್ಮ ಅಲ್ಪ ಗೌರವಧನದಲ್ಲೇ ಪ್ಯಾಡು ತಂದು ಬೀರುವಿನಲ್ಲಿಟ್ಟಿರುತ್ತಿದ್ದರಂತೆ. ಅಷ್ಟು ದಿನ ನಮಗೆ ಅದು ಗೊತ್ತೇ ಇರಲಿಲ್ಲ.

ಇನ್ನು ಮೊಟ್ಟೆ. ನಿಮ್ಮ ಊರಲ್ಲೂ ಈ ಮಾತು ಎದ್ದೇ ಏಳುತ್ತದೆ.

2021ರ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡಲು ಶುರುಮಾಡಿದರು. ಕೆಲವು ಮಠಾಧೀಶರು ವಿರೋಧಿಸಿದಾಗ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ನಿಂತು, ನಮ್ಮ ಊಟ ಬೇಡವೆನ್ನಲು ನೀವು ಯಾರು ಎಂಬರ್ಥದಲ್ಲಿ ಕೇಳಿದ್ದನ್ನು ನೀವೂ ಫೋನಿನಲ್ಲಿ ನೋಡಿರಬಹುದು. ಮುಂದಿನ ವರ್ಷ ಮೊಟ್ಟೆ ರಾಜ್ಯಕ್ಕೆಲ್ಲ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣ ಕೊಟ್ಟ ಮೇಲೆ ವಾರಕ್ಕೆ ಆರು ದಿನವಾಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ಆರು ದಿನವಾದಾಗ ನಮ್ಮ ಸಭೆ ಎರಡಾಯಿತು. ಮೊಟ್ಟೆ ತಿನ್ನದ ಮನೆಯ ಒಬ್ಬ ತಂದೆ, ತುಂಬ ಸಂಭಾವಿತ ಮನುಷ್ಯ, ಎದ್ದು ನಿಂತು ಹೇಳಿದರು: 'ನನ್ ಮಗ ತಿನ್ನಲ್ಲ, ತಿನ್ನೋರ್ನ ನಾನು ಬೇಡ ಅನ್ನಲ್ಲ. ಆದ್ರೆ ಒಂದೇ ಪಾತ್ರೆ ಆದ್ರೆ ಅವ್ನು ಅನ್ನಾನೂ ಬಿಡ್ತಾನೆ.' ಇನ್ನೊಬ್ಬ ತಾಯಿ ತಿರುಗಿ ಕೇಳಿದಳು: 'ನನ್ ಮಗೀಗೆ ಮನೇಲಿ ವರ್ಷಕ್ಕೆ ಎಷ್ಟು ಮೊಟ್ಟೆ ಸಿಗ್ತಾವೆ ಗೊತ್ತೇನಣ್ಣ ನಿಮ್ಗೆ?' ಆಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೊಟ್ಟೆ ಬೇಯಿಸಲು ಬೇರೆ ಪಾತ್ರೆ ಎಂದು ಠರಾವು ಮಾಡಿದೆವು. ಸಾಲು ಒಂದೇ ಇರಬೇಕು, ಹಣ್ಣು ತೆಗೆದುಕೊಳ್ಳುವವರು ಮೊಟ್ಟೆ ತೆಗೆದುಕೊಳ್ಳುವವರು ಬೇರೆ ಬೇರೆ ಕೂರಬಾರದು ಎಂದೂ ಬರೆದೆವು. ಪಾತ್ರೆಯನ್ನು ಆ ತಂದೆಯೇ ತಂದುಕೊಟ್ಟರು. ಆರು ತಿಂಗಳು ಕಟ್ಟೆಯ ಮೇಲೆ ಬೆಳೆಯಬಹುದಾಗಿದ್ದ ಜಗಳ ಒಂದೂವರೆ ಗಂಟೆಯಲ್ಲಿ ಮುಗಿಯಿತು, ಎದುರು ಬದುರು ಕೂತು ಆಡಿದ್ದರಿಂದ.

ಮುಗಿಯದೆ ಉಳಿದದ್ದು ದರದ ಪ್ರಶ್ನೆ. ಒಂದು ಮೊಟ್ಟೆಗೆ ಶಾಲೆಗೆ ಸಿಗುತ್ತಿದ್ದದ್ದು ಆರು ರೂಪಾಯಿ. ಕೊಳ್ಳುವುದು, ತರುವುದು, ಬೇಯಿಸುವ ಗ್ಯಾಸು, ಸುಲಿಯುವ ಕೂಲಿ ಎಲ್ಲ ಅದರೊಳಗೇ. ಚಳಿಗಾಲದಲ್ಲಿ ನಮ್ಮೂರ ಅಂಗಡಿಯಲ್ಲಿ ಮೊಟ್ಟೆಯೊಂದೇ ಆರೂವರೆ ಆಯಿತು. ಎಪ್ಪತ್ತು ಮಕ್ಕಳಿಗೆ, ಅಂಗಡಿಯ ದರ ಒಂದಕ್ಕೇ ದಿನಕ್ಕೆ 35 ರೂಪಾಯಿ ಕಡಿಮೆ, ವಾರಕ್ಕೆ 210, ತಿಂಗಳಿಗೆ 800ರ ಮೇಲೆ. ಈ ದುಡ್ಡು ಯಾರ ಜೇಬಿನಿಂದ ಬರುತ್ತದೆ? ಎಷ್ಟೋ ಕಡೆ ಹೆಡ್‌ಮಾಸ್ಟರ್ ಕೈಯಿಂದ ಹಾಕುತ್ತಾರೆ. ಹಾಕಲಾಗದ ಕಡೆ ಮಗುವಿನ ತಟ್ಟೆಯಿಂದ ಹೋಗುತ್ತದೆ, ಲೆಕ್ಕದ ಪುಸ್ತಕದಲ್ಲಿ ಎಲ್ಲ ಸರಿಯಿರುತ್ತದೆ. ಎರಡೂ ಅನ್ಯಾಯವೇ. ನಾವು ಅಂಗಡಿಯ ಚೀಟಿಗಳನ್ನು ಸೇರಿಸಿ, ಠರಾವು ಬರೆದು, ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಕಳಿಸಿದೆವು. ಉತ್ತರ ಬರಲಿಲ್ಲ. ನೀವೂ ಕಳಿಸಿ. ಒಂದು ಶಾಲೆಯ ಕಾಗದ ಕಡತದಡಿ ಹೋಗುತ್ತದೆ, ತಾಲ್ಲೂಕಿನ ಎಲ್ಲ ಶಾಲೆಗಳಿಂದ ಒಂದೇ ತಿಂಗಳು ಹೋದರೆ ಯಾರಾದರೂ ಓದಲೇಬೇಕಾಗುತ್ತದೆ.

ಅಡುಗೆಮನೆಗೆ ಹೋಗಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಐದನೇ ತರಗತಿವರೆಗಿನ ಒಂದು ಮಗುವಿಗೆ ದಿನಕ್ಕೆ ನೂರು ಗ್ರಾಂ ಧಾನ್ಯ, ಇಪ್ಪತ್ತು ಗ್ರಾಂ ಬೇಳೆ, ಐವತ್ತು ಗ್ರಾಂ ತರಕಾರಿ. ಆರರಿಂದ ಎಂಟನೇ ತರಗತಿಯವರಿಗೆ ಕ್ರಮವಾಗಿ ನೂರೈವತ್ತು, ಮೂವತ್ತು, ಎಪ್ಪತ್ತೈದು. ನಮ್ಮ 84 ಮಕ್ಕಳೂ ಬಂದ ದಿನ ಎರಡು ಕೆಜಿ ಬೇಳೆ, ಐದು ಕೆಜಿ ತರಕಾರಿ ಬೇಕು. ಮನೆಯಲ್ಲಿ ಅಡುಗೆ ಮಾಡುವ ಯಾವ ಹೆಂಗಸಿಗೂ ಸಾರಿನ ಬಣ್ಣ ನೋಡಿದರೆ ಅದರಲ್ಲಿ ಎಷ್ಟು ಬೇಳೆ ಬಿದ್ದಿದೆ ಎಂದು ತಿಳಿಯುತ್ತದೆ, ತಕ್ಕಡಿ ಬೇಡ. ಬಡಿಸುವ ಮೊದಲು ದೊಡ್ಡವರು ರುಚಿ ನೋಡಲೇಬೇಕೆಂಬ ನಿಯಮವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಎಣ್ಣೆಯ ಅಡುಗೆ ಉಂಡು 23 ಮಕ್ಕಳು ಸತ್ತರು. ವಾರಕ್ಕೊಬ್ಬ ತಾಯಿಯಂತೆ ಸರದಿ ಹಾಕಿಕೊಂಡು ನಾವು ಮಕ್ಕಳ ಪಂಕ್ತಿಯಲ್ಲೇ ಕೂತು ಉಂಡೆವು.

ಇನ್ನೊಂದು ಕಾರಣಕ್ಕೂ ಹಾಗೆ ಕೂತೆವು. ನಮ್ಮ ಮುಖ್ಯ ಅಡುಗೆಯವರು ದಲಿತ ಕುಟುಂಬದ ಹೆಂಗಸು. ನಾಲ್ಕು ಮನೆಯವರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದರು, ಕಾರಣ ಕೇಳಿದರೆ 'ಹೊಟ್ಟೆಗೆ ಆಗಲ್ಲ' ಎನ್ನುತ್ತಿದ್ದರು. ಅಡುಗೆಯವರ ಜಾತಿ ನೋಡಿ ಮಕ್ಕಳ ಟಿಸಿ ತೆಗೆಸಿದ ಊರುಗಳ ಸುದ್ದಿ ನೀವೂ ಓದಿದ್ದೀರಿ. ತಿಂಗಳಿಗೆ ಐದು ಸಾವಿರ ರೂಪಾಯಿಯೂ ಮುಟ್ಟದ ಗೌರವಧನಕ್ಕೆ ಬೆಳಿಗ್ಗೆಯಿಂದ ಹೊಗೆ, ಬಿಸಿಯಲ್ಲಿ ನಿಲ್ಲುವ ಆಕೆ ಆ ಡಬ್ಬಿಗಳನ್ನು ದಿನಾ ನೋಡುತ್ತಿದ್ದರು. ಈ ವಿಷಯದಲ್ಲಿ ಎರಡು ಅಭಿಪ್ರಾಯಕ್ಕೆ ಜಾಗವಿಲ್ಲವೆಂದು ನಾನು ಸಭೆಯಲ್ಲಿ ಹೇಳಿದೆ, ಇಲ್ಲೂ ಹೇಳುತ್ತೇನೆ. ಮೊಟ್ಟೆ ತಿನ್ನುವುದು ಬಿಡುವುದು ಮಗುವಿನ ಇಷ್ಟ. ಮಾಡಿದ ಕೈಯ ಜಾತಿ ನೋಡಿ ಅನ್ನ ಬಿಡುವುದನ್ನು ಮಗುವಿಗೆ ಕಲಿಸುವ ಹಕ್ಕು ಯಾರಿಗೂ ಇಲ್ಲ. ನಾಲ್ಕು ಡಬ್ಬಿಗಳಲ್ಲಿ ಮೂರು ನಿಂತವು. ಒಂದು ನಿಲ್ಲಲಿಲ್ಲ, ಆ ಮನೆಯವರು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ.

ಸದಸ್ಯರಾದ ಮೇಲೆ ಇಂಥ ಒಂದೆರಡು ಮನೆ ದೂರವಾಗುತ್ತವೆ. ಅಧ್ಯಕ್ಷರಾಗಲು ಪಂಚಾಯ್ತಿ ರಾಜಕೀಯದವರು ಪೈಪೋಟಿಗೆ ಬೀಳುತ್ತಾರೆ. ಸದಸ್ಯರ ಪಟ್ಟಿ ಪೋಷಕರ ಸಭೆಯಲ್ಲಿ ಆಗದೆ ಯಾರದೋ ಮನೆ ಜಗುಲಿಯಲ್ಲಿ ಆಗಿಹೋಗುವುದೂ ಉಂಟು. ನಿಮ್ಮ ಹೆಸರೂ ಹಾಗೇ ಬಂದಿರಬಹುದು, ನನ್ನದು ಹಾಗೇ ಬಂದಿತ್ತು. ಹೇಗೆ ಬಂದಿರಿ ಎಂಬುದನ್ನು ಬಿಡಿ. ಈಗ ಹದಿನೆಂಟರಲ್ಲಿ ಒಂದು ಸಂಖ್ಯೆ ನಿಮ್ಮದು, ಅದರೆದುರಿನ ಸಹಿಯನ್ನು ಬೇರೆಯವರು ಹಾಕಲಾರರು.

ಒಪ್ಪದಿದ್ದರೆ ಒಪ್ಪಲಿಲ್ಲವೆಂದು ಬರೆಸಿ. ಸರ್ವಾನುಮತ ಎಂದು ಬರೆಯಲು ಬಿಡಬೇಡಿ. ಓದಲು ಬಾರದವರಿದ್ದರೆ ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ, ಆಮೇಲೆ ಹೆಬ್ಬೆಟ್ಟು ಒತ್ತಲಿ. ಖಾಲಿ ಜಾಗ ಉಳಿದರೆ ಅಡ್ಡಗೆರೆ ಎಳೆದು ಅದರ ಕೆಳಗೆ ಸಹಿ ಮಾಡಿ.

ನಮ್ಮ ಶಾಲೆಯ ಪುಸ್ತಕದಲ್ಲಿ ನನ್ನ ಎರಡು ಹಾಳೆಗಳಿವೆ. ಒಂದು, ಆಗದ ದುರಸ್ತಿ ಆಗಿದೆ ಎಂದದ್ದು. ಇನ್ನೊಂದು ಅದಕ್ಕೆ ಐದು ತಿಂಗಳ ನಂತರದ್ದು: ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಹಾಕುವ ಕಬ್ಬಿಣದ ಚಿಲಕ, ಒಂದು, 85 ರೂಪಾಯಿ, ಕೂರಿಸಿದ ಬಡಗಿಗೆ 150, ಏಳು ಜನ ಸದಸ್ಯರು ಹೋಗಿ, ಬಾಗಿಲು ಹಾಕಿ ತೆಗೆದು ನೋಡಿದ್ದಾರೆ. ಮೊದಲನೆಯದನ್ನು ಹರಿದುಹಾಕಲು ನನಗೆ ಮನಸ್ಸಾಗಿತ್ತು. ಹರಿಯಲಿಲ್ಲ. ಎರಡೂ ಅಲ್ಲೇ ಇವೆ.

ನಿಮ್ಮ ಶಾಲೆಯ ಪುಸ್ತಕವೂ ಹೆಡ್‌ಮಾಸ್ಟರ್ ಕೋಣೆಯ ಬೀರುವಿನಲ್ಲಿರುತ್ತದೆ. ಬರುವ ಸೋಮವಾರ ಹೋಗಿ ಕೇಳಿ ತೆಗೆಸಿ, ಹಿಂದಿನ ವರ್ಷದ ಹಾಳೆಗಳಿಂದ ಓದಲು ಶುರುಮಾಡಿ.

ಇತಿ,
ನಿಮ್ಮಂತೆಯೇ ಒಬ್ಬ ತಾಯಿ,
ಮಾಜಿ ಎಸ್‌ಡಿಎಂಸಿ ಸದಸ್ಯೆ